ಅತ್ತೆ ಚಾಚಿದ ಕೈ

ಕುಷ್ಟಗಿಯಲ್ಲಿ ಸೀರೆಗೆ ಫಾಲ್ ಹಚ್ಚಿಸಬೇಕು, ಪಿಕೊ ಹೊಡೆಸಬೇಕು, ಸೆರಗಿಗೆ ಕುಚ್ಚು ಕಟ್ಟಿಸಬೇಕು ಅಂದರೆ ಹೆಂಗಸರಿಗೆ ಮೊದಲು ನೆನಪಾಗುವುದು ಸುರೇಖಾಳ ಮನೆ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿರುವ ಕಲ್ಲೇಶನ ಹೆಂಡತಿ ಈ ಸುರೇಖಾ. ಪಡಸಾಲೆಯಲ್ಲಿ ಎರಡು ಮಷೀನು, ಗೋಡೆಯ ತುಂಬ ದಾರದ ಉಂಡೆಗಳು, ಮೂಲೆಯಲ್ಲಿ ಹೆಸರಿನ ಚೀಟಿ ಚುಚ್ಚಿದ ಸೀರೆಗಳ ಗುಡ್ಡ. ಮಾತು ಚುರುಕು, ಕೈ ಅದಕ್ಕಿಂತ ಚುರುಕು. "ನಾಳಿ ಕೊಡ್ತೀನಿ" ಅಂದರೆ ನಾಳೆ ಕೊಟ್ಟೇ ಕೊಡುವ ಹೆಂಗಸು. ಹೊಲಿಗೆಯವರ ನಾಳೆ ಅಂದರೆ ಎಂಥದ್ದು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಅಂಥದ್ದರಲ್ಲಿ ಈಕೆಯ ನಾಳೆ ಮಾತ್ರ ಸೂರ್ಯ ಹುಟ್ಟಿದ ಕೂಡಲೇ ಬರುತ್ತಿತ್ತು.

ಅವಳು ಕೆಟ್ಟವಳಲ್ಲ. ಹಾಗಂತ ಒಳ್ಳೆಯವಳು ಅಂತ ನಾನೇನೂ ಸರ್ಟಿಫಿಕೇಟು ಬರೆದು ಕೊಡುವುದಿಲ್ಲ. ಕೊಡುವವರು ಊರ ತುಂಬ ಇದ್ದಾರೆ, ಅವಳ ಗೋಳೇ ಅದು.

"ಸೊಸಿ ಅಂದ್ರ ಸುರೇಖಾನಂಗ ಇರಬೇಕ್ರಿ" ಅಂತ ಬಂದವರೆಲ್ಲ ಹೇಳಿ ಹೋಗುತ್ತಿದ್ದರು. ಎಲ್ಲರಿಗಿಂತ ದೊಡ್ಡ ದನಿ ಗಂಡನದು. ಚಹಾ ಕುಡಿಯಲು ಯಾರೇ ಬಂದು ಕೂತರೂ ಕಲ್ಲೇಶ ಶುರು ಮಾಡುತ್ತಿದ್ದ: "ನಮ್ಮವ್ವ ಹೋಗೂಮುಂದ ಅಂಗೈಯಾಗ ಲಿಂಗ ಹಿಡಕೊಂಡು ಹೋದ್ಲು ನೋಡ್ರಿ. ದವಾಖಾನಿ ಗದ್ದಲದಾಗ ಎಂತೆಂಥಾ ಸಾಮಾನು ಕಳೀತಾವು. ಇಕಿ ಅದನ್ನ ಜ್ವಾಕಿ ಮಾಡಿ ತಂದ್ಲು. ಯಾರ ಮಾಡ್ತಾರ್ರಿ ಈಗಿನ ಕಾಲದಾಗ?" ಮಷೀನಿನ ಹಿಂದೆ ಕೂತ ಸುರೇಖಾ ತಲೆ ಎತ್ತುತ್ತಿರಲಿಲ್ಲ. ಸೂಜಿ ಬೆರಳಿಗೆ ಹೊಕ್ಕಿದ್ದೂ ಒಮ್ಮೊಮ್ಮೆ ಗೊತ್ತಾಗುತ್ತಿರಲಿಲ್ಲ.

ಯಾಕಂದರೆ ಅದು ಸುಳ್ಳು. ಸತ್ತ ಅತ್ತೆಯ ಅಂಗೈಯಲ್ಲಿ ಹೋದ ಲಿಂಗ ಅತ್ತೆಯದಲ್ಲ.

ಅತ್ತೆ ಗುರುಲಿಂಗಮ್ಮ ಓದಿದವಳಲ್ಲ, ಮಠಮಾನ್ಯ ಸುತ್ತಿದವಳಲ್ಲ. ಆದರೆ ಸಂಜೆ ದೀಪ ಹಚ್ಚಿದ ಮೇಲೆ ಆ ಹೆಂಗಸನ್ನು ಮಾತಾಡಿಸುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ದೇವರ ಜಗಲಿಯ ಮುಂದೆ ಮಣೆ ಹಾಕಿಕೊಂಡು, ಕೊರಳಲ್ಲಿದ್ದ ಬೆಳ್ಳಿಯ ಗುಂಡಗಡಗಿ ಬಿಚ್ಚಿ, ಒಳಗಿನ ಕರಿ ಇಷ್ಟಲಿಂಗವನ್ನು ತೊಳೆದು, ವಿಭೂತಿ ಹಚ್ಚಿ ಎಡಗೈ ಅಂಗೈ ಮೇಲೆ ಇಟ್ಟುಕೊಳ್ಳುತ್ತಿದ್ದಳು. ಅಂಗೈ ಎದೆಯ ಮಟ್ಟಕ್ಕೆ ಬರುತ್ತಿತ್ತು. ಕಣ್ಣು ಮುಚ್ಚುತ್ತಿರಲಿಲ್ಲ, ಅರ್ಧ ತೆರೆದುಕೊಂಡು ನೋಡುತ್ತ ಕೂಡುತ್ತಿದ್ದಳು. ಎದುರಿಗೆ ಕುಕ್ಕರ್ ಕೂಗಲಿ, ಬಾಗಿಲಲ್ಲಿ ಜಗಳವಾಗಲಿ, ಆ ದೃಷ್ಟಿ ಅಲ್ಲಾಡುತ್ತಿರಲಿಲ್ಲ. ಎದ್ದಮೇಲೆ ಮುಖ ಆಗಷ್ಟೇ ನಿದ್ದೆ ಮಾಡಿ ಎದ್ದವರ ಹಾಗೆ ಇರುತ್ತಿತ್ತು.

"ಸುರೇಖಾ, ಒಂದು ಗಳಿಗಿ ನನ್ನ ಬಾಜೂಕ ಕುಂದ್ರ ಬಾ" ಅಂತ ಕರೆದಾಗೆಲ್ಲ ಸುರೇಖಾಳ ಉತ್ತರ ಒಂದೇ: "ಗಿರಾಕಿ ಬಂದಾರ್ರಿ ಅತ್ತಿ, ನಾಳಿ ಕುಂದ್ರತೀನಿ." ಸೀರೆಯ ವಿಷಯಕ್ಕೆ ಮಾತ್ರ ಅವಳ ನಾಳೆ ಖರೆ. ಅವಳ ಸ್ವಂತ ಲಿಂಗ ಮಷೀನಿನ ಮೇಲೆ ಬಗ್ಗಿದಾಗ ಅಡ್ಡ ಬರುತ್ತದೆ ಅಂತ ಎಂದೋ ಕೊರಳು ಬಿಟ್ಟು, ಅರಿವೆಯ ಗಂಟಿನಲ್ಲಿ ಜಗಲಿ ಸೇರಿತ್ತು. ಅತ್ತೆ ನೋಡಿ ನೋಡಿ ಸುಮ್ಮನಾಗಿದ್ದಳು.

ಹೋದ ವರ್ಷದ ಶ್ರಾವಣದಲ್ಲಿ ಮುದುಕಿಗೆ ಎದೆ ಹಿಡಿದುಕೊಂಡಿತು. ಕೊಪ್ಪಳದ ದವಾಖಾನೆಗೆ ಒಯ್ದರು. ಸ್ಕ್ಯಾನಿಂಗಿಗೆ ಒಳಗೆ ಕಳಿಸುವಾಗ ನರ್ಸು, "ಮೈಮ್ಯಾಲಿನ ಬೆಳ್ಳಿ ಬಂಗಾರ ಎಲ್ಲಾ ತಗೀರಿ" ಅಂದಳು. ಸುರೇಖಾ ಗುಂಡಗಡಗಿ ಬಿಚ್ಚಿದಳು. ಗುರುಲಿಂಗಮ್ಮ ಸೊಸೆಯ ಮಣಿಕಟ್ಟು ಹಿಡಿದು, "ಇದು ಮೈ ಬಿಟ್ಟು ಇರಬಾರದವ್ವಾ. ಒಳಗ ಹೋಗಿ ಬಂದಕೂಡ್ಲೆ ಕೊಡು" ಅಂದಳು. ಹಸುಗೂಸಾಗಿದ್ದಾಗ ಕಟ್ಟಿದ್ದು, ಮಣ್ಣಿಗೆ ಹೋಗುವತನಕ ಜೊತೆಗಿರಬೇಕಾದದ್ದು. ಸತ್ತವರನ್ನು ಕೂಡಿಸಿ ಸಮಾಧಿ ಮಾಡುವಾಗ ಅದೇ ಲಿಂಗವನ್ನು ಎಡ ಅಂಗೈಯಲ್ಲಿ ಇಡುತ್ತಾರೆ. ಇದು ಲಿಂಗವಂತ ಮನೆತನಗಳಲ್ಲಿ ಕೂಸಿಗೂ ಗೊತ್ತು. "ಕೊಡ್ತೀನ್ರಿ" ಅಂದಳು ಸುರೇಖಾ, ತನ್ನ ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡಳು. ಆಮೇಲೆ ರಕ್ತ ಕೊಡು, ಚೀಟಿ ತಾ, ಔಷಧಿ ಅಂಗಡಿಗೆ ಓಡು. ಮರೆತಳು.

ಇಲ್ಲಿಯವರೆಗೆ ತಪ್ಪೇನೂ ಇಲ್ಲ. ಮರೆವು ಯಾರಿಗಿಲ್ಲ?

ಸಂಜೆ ವಾರ್ಡಿನ ಟ್ಯೂಬಲೈಟು ಹತ್ತಿದವು. ದೀಪ ಹಚ್ಚುವ ಹೊತ್ತು ಅಂತ ಮುದುಕಿಗೆ ಅದರಿಂದಲೇ ತಿಳಿಯಿತೋ ಏನೋ. ಮಲಗಿದಲ್ಲೇ ಎಡಗೈ ಚಾಚಿದಳು. "ಕೊಡವ್ವಾ."

ಬ್ಯಾಗು ಮಂಚದ ಕೆಳಗಿತ್ತು. ಅದರ ಮೇಲೆ ಹಾಸಿಗೆ ಗಂಟು, ಫ್ಲಾಸ್ಕು, ಬುತ್ತಿ ಡಬ್ಬಿ. ಬಗ್ಗಿದ್ದರೆ ಸಿಗುತ್ತಿತ್ತು. ಸುರೇಖಾ ಮುಂಜಾನೆಯಿಂದ ಓಡಾಡಿ ಆಗಷ್ಟೇ ಸ್ಟೂಲಿನ ಮೇಲೆ ಕುಂಡಿ ಊರಿದ್ದಳು, ಕಾಲು ಕುದಿಯುತ್ತಿದ್ದವು. "ಈಗೆಲ್ಲಿ ಹುಡುಕ್ಲಿ ಅತ್ತಿ? ನಾಳಿ ಕೊಡ್ತೀನಿ, ಸುಮ್ಮನ ಮಲಕೋರಿ" ಅಂದಳು. ಅಂದ ರೀತಿಗೆ ಬಾಜೂ ಮಂಚದ ಹೆಂಗಸು ಹೊರಳಿ ನೋಡಿದಳು.

ಗುರುಲಿಂಗಮ್ಮ ಕೈಯನ್ನು ಹಿಂದಕ್ಕೆ ತಗೊಳ್ಳಲಿಲ್ಲ. ಸುರೇಖಾ ಫೋನು ತೆಗೆದು ಗಿರಾಕಿಗಳು ಕಳಿಸಿದ ಸೆರಗಿನ ಫೋಟೋ ನೋಡುತ್ತ ಕೂತಳು. ಬಹಳ ಹೊತ್ತಿನ ಮೇಲೆ ತಲೆ ಎತ್ತಿದರೆ ಆ ಕೈ ಇನ್ನೂ ಹಾಗೇ ಇತ್ತು, ಚಾದರದ ಮೇಲೆ ಅಂಗಾತ. ಮುದುಕಿ ಅರ್ಧ ಕಣ್ಣು ತೆರೆದು ಆ ಬರಿ ಅಂಗೈಯನ್ನೇ ನೋಡುತ್ತಿದ್ದಳು. ಸುರೇಖಾ ಅದನ್ನು ಕಂಡಳು. ಆಗಲೂ ಅವಳು ಬಗ್ಗಲಿಲ್ಲ. ಬೆಳಗಾಗುವುದರೊಳಗೆ ಅತ್ತೆಯ ಉಸಿರು ನಿಂತಿತ್ತು.

ಹೆಣ ಕುಷ್ಟಗಿಗೆ ಬಂತು, ಮಂದಿ ಸೇರಿದರು. ಬ್ಯಾಗು ಸುರಿದು ಹುಡುಕಿದರೆ ಗುಂಡಗಡಗಿ ಇಲ್ಲ! ದವಾಖಾನೆಯಲ್ಲಿ ಬಿತ್ತೋ, ಗಾಡಿಯಲ್ಲಿ ಬಿತ್ತೋ. ಸುರೇಖಾ ಹಾಸಿಗೆ ಗಂಟನ್ನೂ ಬಿಚ್ಚಿ ಝಾಡಿಸಿದಳು. ಹೊರಗೆ ಕ್ರಿಯೆ ಮಾಡಿಸುವ ಅಯ್ಯನವರು ಅವಸರ ಮಾಡುತ್ತಿದ್ದರು. ಕಲ್ಲೇಶ ಬಾಗಿಲಿಗೆ ಬಂದು, "ಅವ್ವನ ಲಿಂಗ ತಾ ಲಗೂನ" ಅಂದ. ಅವಳ ಕೈ ತಾನಾಗಿ ಜಗಲಿಗೆ ಹೋಯಿತು, ಅರಿವೆಯ ಗಂಟು ಬಿಚ್ಚಿತು, ತನ್ನ ಲಿಂಗ ತೆಗೆದು ಗಂಡನ ಕೈಯಲ್ಲಿಟ್ಟಿತು. ಅದೂ ಕರಿದು, ಇದೂ ಕರಿದು. ಅಯ್ಯನವರು ಅದಕ್ಕೆ ನೀರು ಹಾಕಿ, ವಿಭೂತಿ ಹಚ್ಚಿ, ಸತ್ತವಳ ಅಂಗೈಯಲ್ಲಿ ಇಟ್ಟರು. ಯಲಬುರ್ಗಾದಿಂದ ಬಂದಿದ್ದ ಮಗಳು ಮಲ್ಲೇಶ್ವರಿ ಬಾಯಿ ಬಾಯಿ ಬಡಿದುಕೊಂಡು ಅಳುತ್ತಿದ್ದಳು. ಯಾರಿಗೂ ಗೊತ್ತಾಗಲಿಲ್ಲ.

ದೀಪಾವಳಿ ಹೊತ್ತಿಗೆ ಬ್ಯಾಗಿನ ಜಿಪ್ಪು ಕೆಟ್ಟಿತು. ಹೊಸದು ಹಚ್ಚೋಣ ಅಂತ ಅಸ್ತರು ಬಿಚ್ಚಿದರೆ, ಹರಿದ ಅಸ್ತರಿನ ಸಂದಿಯಿಂದ ಟಣ್ಣಂತ ನೆಲಕ್ಕೆ ಬಿತ್ತು ಗುಂಡಗಡಗಿ. ಮುಚ್ಚಳ ತೆಗೆದರೆ ಅತ್ತೆಯ ಲಿಂಗ, ಅವಳು ಕಡೆಯ ಸಲ ಹಚ್ಚಿದ ವಿಭೂತಿ ಸಮೇತ. ಆಗಲೇ ಹೇಳಬಹುದಿತ್ತು, ಹೌದು. ಆದರೆ ಅದೇ ಹೊತ್ತಿಗೆ ಹೊರಗಿನ ಕಟ್ಟೆಯ ಮೇಲೆ ಕಲ್ಲೇಶ ಯಾರಿಗೋ "ಇಕಿ ಜ್ವಾಕಿ ಮಾಡಿ ತಂದ್ಲು ನೋಡ್ರಿ" ಅಂತ ಹೇಳುತ್ತಿದ್ದ. ಅವಳು ಗುಂಡಗಡಗಿಯನ್ನು ಹುಕ್ಕು ಗುಂಡಿ ಹಾಕುವ ತಗಡಿನ ಡಬ್ಬಿಯಲ್ಲಿ ಮುಚ್ಚಿಟ್ಟಳು. ಮಷೀನಿನ ಕೆಳಗೆ ಇಟ್ಟರೆ ಕಾಲು ತಾಗುತ್ತದೆ ಅಂತ ಮೇಲಿನ ಕಪಾಟಿಗೆ ಏರಿಸಿದಳು. ಪಾಪಭೀರು ಹೆಂಗಸು! ಕಾಲು ತಾಗಬಾರದು, ಸುಳ್ಳು ತಾಗಬಹುದು.

ಆಮೇಲೆ ಸುರೇಖಾ ಸರಿಯಾಗಿ ನಿದ್ದೆ ಮಾಡಲಿಲ್ಲ. ಬಿಪಿ ಏರಿತು. ಫಾಲ್ ಉಲ್ಟಾ ಹಚ್ಚಿ ಗಿರಾಕಿಯ ಕೈಲಿ ಬೈಸಿಕೊಂಡಳು. ಡಾಕ್ಟರು ಗುಳಿಗೆ ಕೊಟ್ಟು, "ಮನಸಿಗೆ ಏನೋ ಹಚ್ಚಿಕೊಂಡೀರಿ. ದಿನಾ ಒಂದೀಟು ಧ್ಯಾನ ಮಾಡ್ರಿ. ಯಾವುದು ಹೊಂದತೈತಿ ಅದನ್ನ ಮಾಡ್ರಿ" ಅಂದರು. ಕಲ್ಲೇಶನಿಗೆ ಹೆಂಡತಿಯ ಮೇಲೆ ಕರುಣೆ ಉಕ್ಕಿತು. "ಅತ್ತಿ ಹೋದ ದುಃಖದಾಗ ಹಿಂಗಾಗ್ಯಾಳ್ರಿ" ಅಂತ ಡಾಕ್ಟರಿಗೂ ಹೇಳಿದ. ಸುರೇಖಾಳಿಗೆ ಭೂಮಿ ಬಾಯಿ ಬಿಟ್ಟರೆ ಸಾಕಿತ್ತು.

ಹೊಂದುವ ಧ್ಯಾನದ ಹುಡುಕಾಟ ಶುರುವಾಯಿತು. ಮೊದಲು ಫೋನಿನದು. ಕಿವಿಗೆ ವೈರು ಸಿಕ್ಕಿಸಿಕೊಂಡು ಮಲಗಿದರೆ ಒಬ್ಬ ಗಂಡಸು ಜೇನಿನಂಥ ದನಿಯಲ್ಲಿ ಪಾದದಿಂದ ಶುರು ಮಾಡುತ್ತಿದ್ದ: ಪಾದ ಸಡಿಲ ಬಿಡಿ, ಮೊಣಕಾಲು ಸಡಿಲ ಬಿಡಿ. ನಡುವೆ ಬೋರ್‌ವೆಲ್ ಮೋಟರಿನ ಜಾಹೀರಾತು ಅರಚಿ ಹೋಗುತ್ತಿತ್ತು, ಅದನ್ನೂ ಅವಳು ತಡೆದುಕೊಂಡಳು. ಆದರೆ "ಈಗ ನಿಮ್ಮ ಗಮನ ಎಡಗೈಯ ಅಂಗೈಗೆ ತನ್ನಿ. ಅಂಗೈ ತೆರೆದಿದೆ, ಖಾಲಿ ಇದೆ, ಹಗುರವಾಗಿದೆ" ಅಂದನಲ್ಲ, ಧಡಕ್ಕನೆ ಎದ್ದು ಕೂತಳು. ಖಾಲಿ ಅಂಗೈ ಹಗುರ ಅಂತ ಅವನಿಗೆ ಹೇಳಿದವರು ಯಾರು?

ಓಣಿಯ ಶೇಖರಮ್ಮ ಬಿಳಿ ಸೀರೆಯ ಅಕ್ಕಂದಿರ ಕೇಂದ್ರಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಎಲ್ಲ ಸ್ವಚ್ಛ, ಎಲ್ಲರೂ ನಗುನಗುತ್ತ ಮಾತಾಡಿಸುವವರು, ಎದ್ದು ಬರುವಾಗ ಕೈಗೆ ಸಿಹಿ. ಕೆಂಪು ದೀಪದ ಕಡೆ ನೋಡುತ್ತ ಕೂರಿಸಿ ಅಕ್ಕ ಮೆಲ್ಲಗೆ, "ನೀವು ಶುದ್ಧ ಆತ್ಮ, ನಿಮ್ಮೊಳಗೆ ಯಾವ ಕಲೆಯೂ ಇಲ್ಲ" ಅಂದಳು. ಉಳಿದ ಹೆಂಗಸರ ಮುಖ ಅರಳಿತು. ಸುರೇಖಾಳಿಗೆ ಮಾತ್ರ ಬೇರೆ ಯಾರದೋ ಹೆಸರಿನಲ್ಲಿ ಸನ್ಮಾನ ಮಾಡಿಸಿಕೊಂಡ ಹಾಗೆ ಆಯಿತು. ಮನೆಯಲ್ಲಿ ಗಂಡ ಹೊಗಳುವುದು ಸಾಲದು ಅಂತ ಇಲ್ಲಿಗೂ ಬಂದು ಹೊಗಳಿಸಿಕೊಳ್ಳಬೇಕೇ ಅನಿಸಿ, ಮರುದಿನದಿಂದ ಹೋಗಲಿಲ್ಲ.

ಕೊಪ್ಪಳದ ಒಂದು ಕಲ್ಯಾಣಮಂಟಪದಲ್ಲಿ ರವಿವಾರ ಯೋಗದ ವರ್ಗ ನಡೆಯುತ್ತಿತ್ತು. ಪ್ರಭುರಾಜ ಅನ್ನುವ ತೆಳ್ಳನೆಯ ಮಾಸ್ತರರು ಹೆಚ್ಚು ಮಾತಾಡುವವರಲ್ಲ. "ಏನೂ ಮಾಡಬ್ಯಾಡ್ರಿ. ಉಸಿರು ಬರೋದು ನೋಡ್ರಿ, ಹೋಗೋದು ನೋಡ್ರಿ, ಅಷ್ಟ" ಅಂದರು. ಇದು ಛಲೋ ಅನಿಸಿತು ಸುರೇಖಾಳಿಗೆ. ಹೊಗಳಿಕೆಯಿಲ್ಲ, ಬೈಗುಳವಿಲ್ಲ. ಕಣ್ಣು ಮುಚ್ಚಿ ನೋಡಿದಳು. ಉಸಿರು ಬಂತು, ಹೋಯಿತು. ಹೋದದ್ದು ಮತ್ತೆ ಬರುವ ನಡುವೆ ಒಂದು ಸಣ್ಣ ತೆರಪು ಇರುತ್ತದಲ್ಲ, ಅಲ್ಲಿ ಅವಳಿಗೆ ದವಾಖಾನೆಯ ಆ ಬೆಳಗಿನ ಜಾವ ಸಿಕ್ಕಿತು. ಅತ್ತೆಯ ಉಸಿರು ಹೋಗಿ ಎಷ್ಟು ಕಾದರೂ ಬಾರದೇ ಹೋದ ಆ ತೆರಪು. ತುಂಬಿದ ಮಂಟಪದಲ್ಲಿ ಬಾಯಿಗೆ ಸೆರಗು ತುರುಕಿಕೊಂಡು ಎದ್ದು ಬಂದಳು. ಮಾಸ್ತರರು, "ಅಳು ಬಂದ್ರ ಅಳ್ರಿ, ತಪ್ಪಿಲ್ಲ" ಅಂದರು. ತಪ್ಪು ಅಳುವುದರಲ್ಲಿ ಇರಲಿಲ್ಲ ಅಂತ ಅವರಿಗೆ ಹೇಗೆ ಗೊತ್ತಾಗಬೇಕು?

ಕೂತು ಮಾಡುವುದೇ ತನಗೆ ಆಗಿಬರುವುದಿಲ್ಲ, ನಡೆಯುತ್ತ ನಾಮಸ್ಮರಣೆ ಮಾಡೋಣ ಅಂದುಕೊಂಡಳು. ಓಣಿಯ ಹೆಂಗಸರೆಲ್ಲ ಒಂದು ಶನಿವಾರ ಕ್ರೂಸರ್ ಗಾಡಿ ಮಾಡಿಕೊಂಡು ಗಂಗಾವತಿ ಮೇಲೆ ಹಾಯ್ದು ಹನುಮನಹಳ್ಳಿಗೆ ಹೋಗಿ ಅಂಜನಾದ್ರಿ ಹತ್ತಿದರು. ಮೆಟ್ಟಿಲಿಗೊಂದು ನಾಮ. ತೊಡೆ ನಡುಗುತ್ತಿದ್ದವು, ಬೆವರು ಕಣ್ಣಿಗೆ ಇಳಿಯುತ್ತಿತ್ತು, ಮನಸ್ಸು ಮಾತ್ರ ಸುಮ್ಮನೆ ಜೊತೆಗೆ ಬಂತು. ಸಿಕ್ಕಿತು, ಇದೇ ನನ್ನದು ಅಂದುಕೊಂಡಳು. ಮೇಲೆ ತೀರ್ಥ ಕೊಡುತ್ತಿದ್ದರು. ನೂಕುನುಗ್ಗಲಿನಲ್ಲಿ ಅವಳ ಮುಂದೆ ಯಾರೋ ಗುಬ್ಬಚ್ಚಿಯಂಥ ಮುದುಕಿ ಕೈ ಚಾಚಿ ನಿಂತಿತ್ತು. ಪೂಜಾರಿಗೆ ಕಾಣಲಿಲ್ಲ, ದಾಟಿ ಮುಂದಿನವರಿಗೆ ಹಾಕಿದ. ಮುದುಕಿ ಕೈ ತೆಗೆಯಲಿಲ್ಲ.

"ಆ ಅಮ್ಮಗ ಕೊಡ್ರಿ! ಕೈ ಚಾಚ್ಯಾರ, ಕಾಣಂಗಿಲ್ಲೇನು ನಿಮಗ? ಕಣ್ಣು ಹೋಗ್ಯಾವೇನು?" ಸುರೇಖಾ ಚೀರಿದ ಚೀರಿಗೆ ಜನವೆಲ್ಲ ತಿರುಗಿತು. ಪೂಜಾರಿ ಗಾಬರಿಯಾಗಿ ಮುದುಕಿಗೆ ಒಮ್ಮೆ ಅಲ್ಲ, ಮತ್ತೆ ಮತ್ತೆ ತೀರ್ಥ ಹಾಕಿದ. ಶೇಖರಮ್ಮ ಕ್ರೂಸರಿನಲ್ಲಿ, "ನೋಡ್ರವ್ವಾ, ವಯಸ್ಸಾದವರ ಮ್ಯಾಲೆ ಎಷ್ಟು ಜೀವ ಇಕೀದು" ಅಂತ ಎಲ್ಲರಿಗೂ ಹೇಳಿದಳು. ಸುರೇಖಾ ಕುಷ್ಟಗಿಯವರೆಗೂ ಕಿಟಕಿಗೆ ಹಣೆ ಒತ್ತಿಕೊಂಡೇ ಕೂತಳು.

ಇದನ್ನೆಲ್ಲ ಕಂಡೂ ಕಾಣದ ಹಾಗೆ ನೋಡುತ್ತಿದ್ದವಳು ಹಸೀನಾಬೇಗಂ. ಹಿಂದಿನ ಮನೆಯವಳು, ಸುರೇಖಾಳ ಜೊತೆ ಕೂತು ಸೀರೆಗಳಿಗೆ ಕುಚ್ಚು ಕಟ್ಟುವವಳು. ಒಂದು ಮಧ್ಯಾಹ್ನ ನಮಾಜು ಮುಗಿಸಿ, ಬೆರಳಿನಲ್ಲಿ ಇನ್ನೂ ತಸಬಿ ಮಣಿ ಎಳೆಯುತ್ತ ಬಂದು ಕೂತಳು. ಸುರೇಖಾ ಆ ಮಣಿಸರವನ್ನೇ ನೋಡಿ, "ನನಗೂ ಅದನ್ನ ಕಲಿಸ್ತೀಯೇನ ಹಸೀನಾ? ಅದರಾಗರ ಸಮಾಧಾನ ಸಿಗತೈತೇನು?" ಅಂದಳು.

ಹಸೀನಾ ಮಣಿ ನಿಲ್ಲಿಸಿದಳು. "ಅಕ್ಕಾ, ಸಿಟ್ಟಾಗಬ್ಯಾಡ. ನೀ ಧ್ಯಾನ ಹುಡಕಾಕತ್ತಿಲ್ಲ, ಅಡಗಿ ಕುಂದ್ರಾಕ ಜಾಗ ಹುಡಕಾಕತ್ತಿ."

"ಏನಂತ ಮಾತಾಡ್ತಿ?"

"ಏನೈತೋ ನನಗ ಗೊತ್ತಿಲ್ಲ, ಕೇಳಂಗೂ ಇಲ್ಲ. ನಮ್ಮ ಅಮ್ಮೀಜಾನ್ ಹೇಳ್ತಿದ್ಲು. ಮಂದೀದು ಏನರ ಹಕ್ಕು ಕಸಕೊಂಡಿದ್ರ ಎಷ್ಟು ತಸಬಿ ತಿರುವಿದ್ರೂ ಅಲ್ಲಾ ಮಾಫ್ ಮಾಡಂಗಿಲ್ಲಂತ. ಮೊದಲ ಆ ಮಂದೀ ಹಂತೇಕ ಹೋಗಿ ನಿಂದರಬೇಕಂತ."

"ಆ ಮಂದೀನ ಇಲ್ಲದಿದ್ರ?"

"ಅವರ ಮಕ್ಕಳು ಇರ್ತಾರಲ್ಲ" ಅಂದವಳೇ ಹಸೀನಾ ಮಾತು ಬಿಟ್ಟು ದಾರ ಹಿಡಿದಳು. ಸುರೇಖಾಳಿಗೆ ಆ ದಿನವೆಲ್ಲ ಕುಚ್ಚಿನ ಗಂಟು ನಿಲ್ಲಲಿಲ್ಲ.

ಮಗ ಮನೆಯಲ್ಲೇ ಇದ್ದ, ಆದರೆ ಊರ ತುಂಬ ಹೊಗಳಿಕೊಂಡು ತಿರುಗುವವನಿಗೆ ಹೇಳುವ ಧೈರ್ಯ ಅವಳಿಗಿರಲಿಲ್ಲ. ಮಗಳು ಇದ್ದಳು, ಯಲಬುರ್ಗಾದಲ್ಲಿ. ಹೋಗಿ ಹೇಳಬೇಕು ಅಂದುಕೊಂಡದ್ದೇ ಬಂತು. ಮದುವೆ ಸೀಸನ್ನು ಮುಗಿಯಲಿ, ಹಬ್ಬ ಮುಗಿಯಲಿ, ಬಿಸಿಲು ಇಳಿಯಲಿ, ನಾಳೆ ಹೋದರಾಯಿತು. ವರ್ಷದ ಸ್ಮರಣೆ ಹತ್ತಿರ ಬಂತು. ಓಣಿಯ ಮೂಲೆಯಲ್ಲಿ ಕಲ್ಲೇಶ "ಲಿಂಗೈಕ್ಯ ಗುರುಲಿಂಗಮ್ಮ" ಅಂತ ದೊಡ್ಡ ಫ್ಲೆಕ್ಸು ಕಟ್ಟಿಸಿದ. ಸುರೇಖಾ ಕಿರಾಣಿ ಅಂಗಡಿಗೆ ಸುತ್ತು ಹಾಕಿ ಹೋಗತೊಡಗಿದಳು.

ಅವಳು ಹೋಗಲಿಲ್ಲವಲ್ಲ, ಮಲ್ಲೇಶ್ವರಿಯೇ ಬಂದಳು. ಸಂಜೆಯ ಬಸ್ಸಿಗೆ ಇಳಿದವಳ ಮುಖದಲ್ಲಿ ಗೆಲುವಿತ್ತು. ಅವಳ ಮಗಳು ಹೆಣ್ಣು ಹಡೆದಿದ್ದಳು, ಕೂಸಿಗೆ ಲಿಂಗಧಾರಣೆ ಇಟ್ಟುಕೊಂಡಿದ್ದರು.

"ತಮ್ಮಾ, ಒಂದ ಕೇಳಾಕ ಬಂದೀನಿ" ಅಂದಳು ಚಹಾ ಕುಡಿಯುತ್ತ. "ಅವ್ವನ ಗುಂಡಗಡಗಿ ನನಗ ಬೇಕು. ಲಿಂಗ ಅಂತೂ ಅವ್ವನ ಸಂಗಾಟ ಹೋತು. ಬೆಳ್ಳೀದು ಸುರೇಖಾನ ಹಂತೇಕ ಇರಬೇಕಲ್ಲ. ನಮ್ಮ ಕೂಸಿನ ಲಿಂಗ ಅದರಾಗಿಟ್ಟು ಕಟ್ತೀನಿ. ಅವ್ವನ ಹೆಸರೂ ಕೂಸಿಗೆ ಇಡಾಕತ್ತೀವಿ."

"ಕೊಡು ಕೊಡು, ಒಳಗಿಂದ ತಂದು ಕೊಡು ಸುರೇಖಾ" ಅಂದ ಕಲ್ಲೇಶ.

ಸುರೇಖಾ ಎದ್ದಳು. ಕಪಾಟಿನಿಂದ ಡಬ್ಬಿ ಇಳಿಸಿ ಅಡುಗೆಮನೆಗೆ ಹೋಗಿ, ಬಾಗಿಲ ಮರೆಯಲ್ಲಿ ನಿಂತು ಮುಚ್ಚಳ ತೆಗೆದಳು. ಅಯ್ಯೋ, ಎಷ್ಟು ಸುಲಭವಿತ್ತು! ಲಿಂಗ ತೆಗೆದು ಎಲ್ಲಾದರೂ ಇಟ್ಟು, ಬರಿ ಬೆಳ್ಳಿ ಒಯ್ದು ಕೊಟ್ಟರೆ ಕಥೆ ಮುಗಿಯಿತು. ಇನ್ನೆಂದೂ ಯಾರೂ ಕೇಳುವಂತಿಲ್ಲ. ಹೊಗಳಿಕೆ ಉಳಿಯುತ್ತದೆ, ಮನೆಯ ಮಾನ ಉಳಿಯುತ್ತದೆ. ಅವಳು ಹಾಗೇ ಮಾಡಿದಳು ನೋಡಿ. ಲಿಂಗ ತೆಗೆದು ಎಡಮುಷ್ಟಿಯಲ್ಲಿ ಮುಚ್ಚಿಕೊಂಡು, ಬಲಗೈಯಲ್ಲಿ ಬರಿದಾದ ಗುಂಡಗಡಗಿ ಹಿಡಿದು ಹೊರಗೆ ಬಂದಳು.

ಮಲ್ಲೇಶ್ವರಿ ಅದನ್ನು ಎರಡೂ ಕೈಯಿಂದ ಇಸಿದುಕೊಂಡು ಕಣ್ಣಿಗೆ ಒತ್ತಿಕೊಂಡಳು. "ಸುರೇಖಾ, ಹೊಟ್ಟೀಲೆ ಹುಟ್ಟಿದಾಕಿ ನಾ ದೂರ ಇದ್ದೆ. ನೀ ಇರದಿದ್ರ ನಮ್ಮವ್ವ ಬರಿಗೈಲೆ ಹೋಗ್ತಿದ್ಲು."

ಅಷ್ಟೇ. ಸುರೇಖಾ ಅಲ್ಲೇ ನೆಲದ ಮೇಲೆ ಕೂತಳು. ಮುಷ್ಟಿ ಬಿಚ್ಚಿ ನಾದಿನಿಯ ಮುಂದೆ ಹಿಡಿದಳು.

"ಬರಿಗೈಲೇ ಹೋದ್ರು ಅಕ್ಕಾರ. ಇದು ಅತ್ತೀದು. ಮಣ್ಣಿಗೆ ಹೋಗಿದ್ದು ನಂದು."

ಆಮೇಲೆ ಎಲ್ಲ ಬಂತು, ತಡೆಯಿಲ್ಲದೆ. ಸ್ಕ್ಯಾನಿಂಗು, ಬ್ಯಾಗು, ನಾಳಿ ಕೊಡ್ತೀನಿ ಅಂದದ್ದು, ಅಸ್ತರು, ಡಬ್ಬಿ. ಕಲ್ಲೇಶ ಮೊದಲು ನಂಬಲಿಲ್ಲ, ಆಮೇಲೆ ಅವನ ಮುಖ ಕಪ್ಪಿಟ್ಟಿತು. "ಊರ ತುಂಬ ಹೇಳಿಕೊಂಡು ಬಂದೀನಲ್ಲಲೇ ನಾನು! ಒಂದಿನಾನೂ ಸುಮ್ಮನ ಇರ್ರಿ ಅನಬೇಕು ಅನಿಸಲಿಲ್ಲೇನು ನಿನಗ?" ಅಂದವನೇ ಚಪ್ಪಲಿ ಮೆಟ್ಟಿ ಹೊರಗೆ ನಡೆದ. ಮನೆಯಲ್ಲಿ ಇಬ್ಬರೇ ಹೆಂಗಸರು ಉಳಿದರು.

ಮಲ್ಲೇಶ್ವರಿ ಕೂಗಾಡಲಿಲ್ಲ. ಕೂಗಾಡಿದ್ದರೆ ಸುರೇಖಾಳಿಗೆ ಅನುಕೂಲವಾಗುತ್ತಿತ್ತು. ಅವಳು ಒಂದೇ ಕೇಳಿದಳು: "ಅವ್ವ ಕೈ ಚಾಚಿದ್ಲೇನು?"

"ಹೂಂ ರಿ."

"ಎಷ್ಟೊತ್ತು?"

"ಗೊತ್ತಿಲ್ಲ ಅಕ್ಕಾರ. ನಾ ಫೋನ್ ನೋಡಾಕತ್ತಿದ್ದೆ."

ಹೊರಗೆ ಬೆಳಕು ಇಳಿಯುತ್ತಿತ್ತು. ಮಲ್ಲೇಶ್ವರಿ ಎದ್ದು ಜಗಲಿಯ ಮುಂದೆ ದೀಪ ಹಚ್ಚಿದಳು. ಮೂಲೆಯಲ್ಲಿದ್ದ ತಾಯಿಯ ಮಣೆ ತಂದು ಹಾಕಿದಳು. "ಬಾ, ಕುಂದ್ರು ಇಲ್ಲಿ" ಅಂದಳು. ಸುರೇಖಾ ಕೂತಳು. ಮಲ್ಲೇಶ್ವರಿ ಅವಳ ಕೈಯಿಂದ ಲಿಂಗ ತಗೊಂಡಳು.

"ಕೈ ಚಾಚು."

ಸುರೇಖಾ ಎಡಗೈ ಚಾಚಿದಳು. ಮಲ್ಲೇಶ್ವರಿ ಕೊಡಲಿಲ್ಲ. ತಂಬಿಗೆಯಲ್ಲಿ ನೀರು ತಂದಳು. ಲಿಂಗ ತೊಳೆದಳು. ಸೆರಗಿನಿಂದ ಒರೆಸಿದಳು. ವಿಭೂತಿ ಗಟ್ಟಿ ಹುಡುಕಿದಳು. ಯಾವುದಕ್ಕೂ ಅವಸರ ಮಾಡಲಿಲ್ಲ. ಸುರೇಖಾಳ ಕೈ ಸೋಲತೊಡಗಿತು. ಭುಜ ಹಿಡಿದುಕೊಂಡಿತು. ಕೊಡ್ರಿ ಅಂತ ಕೇಳಲು ಬಾಯಿ ಬರಲಿಲ್ಲ, ಇಳಿಸಲು ಮನಸ್ಸು ಬರಲಿಲ್ಲ. ಬರಿ ಅಂಗೈ ಬಿಟ್ಟು ನೋಡುವುದಕ್ಕೆ ಬೇರೆ ಏನೂ ಇರಲಿಲ್ಲ. ಒಬ್ಬರು ಕೊಡುತ್ತಾರೋ ಇಲ್ಲವೋ ಅಂತ ಕಾಯುವ ಅಂಗೈ ಎಷ್ಟು ಭಾರ ಅಂತ ಅವಳಿಗೆ ಆಗ ಗೊತ್ತಾಯಿತು. ಹುಷಾರಿದ್ದವಳಿಗೇ ಇಷ್ಟು ಭಾರ. ಎದೆ ಹಿಡಿದು ಮಲಗಿದ್ದ ಮುದುಕಿಗೆ? ಬಿಕ್ಕಿ ಬಿಕ್ಕಿ ಅತ್ತಳು, ಆದರೂ ಕೈ ಇಳಿಸಲಿಲ್ಲ.

ಕಡೆಗೆ ಮಲ್ಲೇಶ್ವರಿ ಎದುರಿಗೆ ಕೂತು ಆ ಅಂಗೈ ಮೇಲೆ ಲಿಂಗ ಇಟ್ಟಳು. "ನಾಳಿ ಅನ್ನಲಾರದ ಕೊಡಾಕತ್ತೀನಿ, ತಗೋ" ಅಂದಳು.

ಸುರೇಖಾ ಕಣ್ಣು ಮುಚ್ಚಲು ಹೋದಳು. "ಮುಚ್ಚಬ್ಯಾಡ. ಅವ್ವ ನೋಡಿದಂಗ ನೋಡು."

ನೋಡಿದಳು. ಮನಸ್ಸು ದವಾಖಾನೆಗೆ ಓಡಿತು, ವಾಪಸು ಬಂತು, ಮತ್ತೆ ಓಡಿತು. ಲಿಂಗ ಅಲ್ಲೇ ಇತ್ತು. ಮಲ್ಲೇಶ್ವರಿಯೂ ಎದುರಿಗೇ ಇದ್ದಳು. ಮಾಫಿ ಮಾಡಿದೆ ಅಂತ ಅವಳು ಅನ್ನಲಿಲ್ಲ, ಇವಳೂ ಕೇಳಲಿಲ್ಲ. ಬೆಳಿಗ್ಗೆ ಯಲಬುರ್ಗಾ ಬಸ್ಸು ಹತ್ತುವ ಮೊದಲು ಗುಂಡಗಡಗಿ ಚೀಲಕ್ಕೆ ಹಾಕಿಕೊಳ್ಳುತ್ತ ಒಂದು ಮಾತು ಹೇಳಿದಳು.

"ಬೆಳ್ಳಿ ಕೂಸಿಗೆ ಒಯ್ತೀನಿ. ಲಿಂಗ ನಿನ್ನ ಹಂತೇಕ ಇರಲಿ. ಅದು ನಿಂದಲ್ಲ, ನೆನಪಿಟ್ಕೋ. ನಾಳಿ ಕೊಡ್ತೀನಿ ಅಂದಿದ್ದಿಯಲ್ಲ ಅವ್ವಗ? ಒಂದಿನ ನೀನೂ ಹೋಗ್ತಿ. ಆವಾಗ ಇದನ್ನ ಅಂಗೈಯಾಗ ಹಿಡಕೊಂಡು ಹೋಗು. ಅವ್ವ ಅಲ್ಲೂ ಕೈ ಚಾಚಿಕೊಂಡ ಕುಂತಿರ್ತಾಳ. ಕೊಡು."

ಕಲ್ಲೇಶ ಈಗ ಆ ಮಾತನ್ನು ಯಾರ ಮುಂದೆಯೂ ಆಡುವುದಿಲ್ಲ. ಚಹಾಕ್ಕೆ ಬಂದವರ ಜೊತೆ ಡಿಪೋದ ಸುದ್ದಿ ಹೇಳುತ್ತಾನೆ. ಹೆಂಡತಿಯ ಜೊತೆ ಅವನ ಮಾತು ಇನ್ನೂ ಅಷ್ಟಕ್ಕಷ್ಟೆ. ಸುರೇಖಾಳ ಬಿಪಿ ಪೂರಾ ಇಳಿದಿಲ್ಲ. ದೀಪ ಹಚ್ಚುವ ಹೊತ್ತಿಗೆ ಸೀರೆ ತಂದವರಿಗೆ "ನಾಳಿ ಬರ್ರಿ" ಅಂದು ಬಾಗಿಲು ಮುಂದಕ್ಕೆಳೆಯುತ್ತಾಳೆ. ಅತ್ತೆಯ ಮಣೆಯ ಮೇಲೆ ಕೂತು ಮೊದಲು ಬರಿ ಅಂಗೈಯನ್ನೇ ಚಾಚುತ್ತಾಳೆ. ಭುಜ ನೋಯುವ ತನಕ ಹಾಗೇ ಹಿಡಿದು ನೋಡುತ್ತಾಳೆ. ಆಮೇಲೆ ಬಲಗೈಯಿಂದ ಅತ್ತೆಯ ಲಿಂಗ ಎತ್ತಿ ಅದರ ಮೇಲೆ ಇಟ್ಟುಕೊಳ್ಳುತ್ತಾಳೆ. "ತಗೋರಿ ಅತ್ತಿ" ಅನ್ನುತ್ತಾಳೆ, ತನಗಷ್ಟೇ ಕೇಳುವ ಹಾಗೆ.